ಗುಂಡು ಹಾರಿಸಲು ಮನಸ್ಸಿಲ್ಲದ ಬಂದೂಕುಗಾರ: 'ಟೆರರ್ ಇನ್ ಎ ಟೆಕ್ಸಾಸ್ ಟೌನ್' ಪ್ರಕರಣ

1958ರಲ್ಲಿ ತೆರೆಕಂಡ 'ಟೆರರ್ ಇನ್ ಎ ಟೆಕ್ಸಾಸ್ ಟೌನ್' ಚಿತ್ರದ ಕಥೆಯನ್ನು, ನಾಲ್ಕಾರು ಕೌಬಾಯ್ ಸಿನಿಮಾ ನೋಡಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಟೆಕ್ಸಾಸ್‌ನ ಪ್ರೇರಿ ಸಿಟಿ ಎಂಬ ಸಣ್ಣ ಊರು. ಸುತ್ತಲಿನ ರೈತರ ಜಮೀನನ್ನೆಲ್ಲ ನುಂಗಲು ಕೂತಿರುವ ಸಾಹುಕಾರ ಎಡ್ ಮೆಕ್‌ನೀಲ್. ಅವನು ಆಡಿಸಿದಂತೆ ಆಡುವ ಶೆರಿಫ್, ಅಂದರೆ ಊರಿನ ಪೊಲೀಸ್ ಅಧಿಕಾರಿ. ಜಾಗ ಬಿಡಲೊಲ್ಲದವರನ್ನು ಬೆದರಿಸಲು ಮೆಕ್‌ನೀಲ್ ಕರೆಸಿಕೊಂಡ ಬಾಡಿಗೆ ಬಂದೂಕುಗಾರ ಜಾನಿ ಕ್ರೇಲ್. ಸ್ವೀಡನ್‌ನಿಂದ ಬಂದು ನೆಲೆಸಿದ್ದ ಮುದುಕ ಸ್ವೆನ್ ಹ್ಯಾನ್ಸನ್‌ನನ್ನು ಕ್ರೇಲ್ ಕೊಲ್ಲುತ್ತಾನೆ. ವರ್ಷಗಟ್ಟಲೆ ಕಡಲಲ್ಲೇ ಕಳೆದ ಮಗ ಜಾರ್ಜ್ ಹ್ಯಾನ್ಸನ್, ಅಪ್ಪನ ಜೊತೆ ಇರೋಣವೆಂದು ರೈಲಿಳಿದರೆ ಅಪ್ಪ ಇಲ್ಲ. ಕೊನೆಗೆ ಊರಿನ ಬೀದಿಯಲ್ಲಿ ಇಬ್ಬರೂ ಎದುರುಬದುರು.

ಇದರಲ್ಲಿ ಹೊಸದೇನೂ ಇಲ್ಲ. ಜಮೀನಿನ ಕೆಳಗೆ ಎಣ್ಣೆ ಇದೆ, ಅದಕ್ಕೇ ಸಾಹುಕಾರನಿಗೆ ಅಷ್ಟು ಆತುರ ಅನ್ನುವ 'ಗುಟ್ಟು' ಕೂಡ ಆ ಕಾಲದ ಅಗ್ಗದ ವೆಸ್ಟರ್ನ್‌ಗಳಲ್ಲಿ ಸವೆದುಹೋದದ್ದು. ಹಾಗಿದ್ದೂ 80 ನಿಮಿಷದ ಈ ಕಪ್ಪುಬಿಳುಪು ಚಿತ್ರ ಇವತ್ತಿಗೂ ನೋಡಿಸಿಕೊಂಡು ಹೋಗುತ್ತದೆ. ನನ್ನ ಮಟ್ಟಿಗೆ ಅದಕ್ಕೆ ಕಾರಣ, ಇದನ್ನು ಮಾಡಿದವರಿಗೆ ಭಯ ಅಂದರೆ ಏನೆಂಬುದು ಪುಸ್ತಕದಿಂದ ಗೊತ್ತಾದದ್ದಲ್ಲ. ಮಾಮೂಲಿ ಕಥೆಯ ಮರೆ ಸಿಕ್ಕಿದ್ದರಿಂದ ಅವರು ಅದನ್ನು ಹೇಳಲು ಸಾಧ್ಯವಾಯಿತು. ಆ ಭಯದ ಪಾಲು ಹೆಚ್ಚಾಗಿ ಬಂದದ್ದು ನಾಯಕನಿಗಲ್ಲ, ಬಂದೂಕುಗಾರನಿಗೆ.

ದುಡ್ಡು ಮತ್ತು ದಿನ

ನಿರ್ದೇಶಕ ಜೋಸೆಫ್ ಎಚ್. ಲೂಯಿಸ್ ಅವರೇ ಹೇಳಿಕೊಂಡಂತೆ ಚಿತ್ರೀಕರಣಕ್ಕೆ ಸಿಕ್ಕಿದ್ದು 10 ದಿನ, ಒಟ್ಟು ಖರ್ಚು 80,000 ಡಾಲರ್. ಹಾಲಿವುಡ್‌ನ ಲೆಕ್ಕದಲ್ಲಿ ಇದು ಎಷ್ಟು ಕಡಿಮೆ ಎಂಬುದಕ್ಕೆ ಇದೇ ಚಿತ್ರದ ಒಳಗೇ ಒಂದು ಅಳತೆಗೋಲಿದೆ. ಚಿತ್ರಕಥೆ ಬರೆದ ಡಾಲ್ಟನ್ ಟ್ರಂಬೊ 1940ರ ದಶಕದಲ್ಲಿ ಎಂಜಿಎಂ ಸ್ಟುಡಿಯೊದಲ್ಲಿದ್ದಾಗ ಒಂದು ಚಿತ್ರಕಥೆಗೆ 75,000 ಡಾಲರ್ ಪಡೆಯುತ್ತಿದ್ದವರು. ಒಂದು ಕಾಲದಲ್ಲಿ ಅವರೊಬ್ಬರ ಕೈಗೆ ಬರುತ್ತಿದ್ದ ಸಂಭಾವನೆಯಷ್ಟರಲ್ಲೇ ಈಗ ನಟರು, ಸೆಟ್ಟು, ಕುದುರೆ, ಫಿಲ್ಮು, ಸಂಗೀತ ಎಲ್ಲ ಮುಗಿಯಬೇಕಿತ್ತು.

ಇಂಥ ಚಿತ್ರಗಳ ವ್ಯಾಪಾರವೂ ಬೇರೆಯೇ. ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿಯಲ್ಲಿ ದೊಡ್ಡ ಚಿತ್ರಕ್ಕೆ ಗಳಿಕೆಯಲ್ಲಿ ಪಾಲು ಸಿಗುತ್ತಿತ್ತು, ಜೊತೆಗೆ ಹೋಗುವ ಸಣ್ಣ ಚಿತ್ರಕ್ಕೆ ಸಾಮಾನ್ಯವಾಗಿ ಗೊತ್ತುಪಡಿಸಿದ ಬಾಡಿಗೆ ಮಾತ್ರ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಬರುವ ದುಡ್ಡು ಅಷ್ಟೇ, ಆದ್ದರಿಂದ ಲಾಭವೇನಿದ್ದರೂ ಖರ್ಚು ಉಳಿಸುವುದರಲ್ಲಿ. 1958ರ ಹೊತ್ತಿಗೆ ಆ ವ್ಯಾಪಾರವೂ ಕೊನೆಯುಸಿರೆಳೆಯುತ್ತಿತ್ತು. ಟೀವಿಯಲ್ಲಿ ಪ್ರತಿ ರಾತ್ರಿ ಕೌಬಾಯ್ ಧಾರಾವಾಹಿಗಳು ಪುಕ್ಕಟೆ ಬರುತ್ತಿದ್ದಾಗ ಅದನ್ನೇ ದುಡ್ಡು ಕೊಟ್ಟು ನೋಡುವವರು ಯಾರು? ಆದರೆ ಯಾರೂ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳದ ಕಡೆ ಯಾರೂ ಬಗ್ಗಿ ನೋಡುವುದೂ ಇಲ್ಲ. ನಿಗದಿತ ದುಡ್ಡಿನಲ್ಲಿ ನಿಗದಿತ ಉದ್ದದ ಚಿತ್ರ ಕೊಟ್ಟರಾಯಿತು, ಒಳಗೇನಿದೆ ಎಂದು ಕೇಳುವವರಿರಲಿಲ್ಲ.

ಲೂಯಿಸ್ ಇಂಥ ಇಕ್ಕಟ್ಟಿನಲ್ಲೇ ಪಳಗಿದವರು. 1930ರ ದಶಕದಲ್ಲಿ ಅಗ್ಗದ ಕೌಬಾಯ್ ಚಿತ್ರಗಳನ್ನು ಮಾಡುವಾಗ ನೀರಸ ಸಂಭಾಷಣೆಯ ದೃಶ್ಯ ಬಂದರೆ ಸಾಕು, ಕ್ಯಾಮೆರಾದ ಮುಂದೆ ಒಂದು ಗಾಡಿಚಕ್ರ ನಿಲ್ಲಿಸಿ ಅದರ ಅರಗಳ ನಡುವಿನಿಂದ ಚಿತ್ರೀಕರಿಸುತ್ತಿದ್ದರು. 'ವ್ಯಾಗನ್ ವೀಲ್ ಜೋ' ಎಂಬ ಅಡ್ಡಹೆಸರು ಅಂಟಿಕೊಂಡದ್ದು ಹಾಗೆ. ಖರ್ಚಿಲ್ಲದ ಒಂದು ಚಕ್ರದಿಂದ ಚೌಕಟ್ಟಿಗೆ ಆಳ ಬರುತ್ತದೆ, ಹಿಂದಿನ ಬಡಕಲು ಸೆಟ್ಟು ಅರ್ಧ ಮರೆಯಾಗುತ್ತದೆ. 1950ರ 'ಗನ್ ಕ್ರೇಜಿ'ಯಲ್ಲಿ ಬ್ಯಾಂಕ್ ದರೋಡೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಇಟ್ಟು ಒಂದೇ ಶಾಟಿನಲ್ಲಿ ಮುಗಿಸಿದ್ದೂ ಇವರೇ. ಬ್ಯಾಂಕಿನ ಒಳಗೆ ಕ್ಯಾಮೆರಾ ಕಾಲಿಡುವುದೇ ಇಲ್ಲ. ಹಾಗಾಗಿ ಬ್ಯಾಂಕಿನ ಸೆಟ್ಟೂ ಬೇಕಾಗಲಿಲ್ಲ, ಕಾಯುವವರ ಎದೆಬಡಿತವೂ ನಮ್ಮದಾಯಿತು.

ಟೆಕ್ಸಾಸ್ ಚಿತ್ರದಲ್ಲೂ ಇದೇ ಕಸುಬು ಕಾಣುತ್ತದೆ. ಕಟ್ ಮಾಡುವ ಬದಲು ನಟರನ್ನು ಕೋಣೆಯೊಳಗೇ ಹತ್ತಿರ, ದೂರ ನಡೆದಾಡಿಸಿ ದೃಶ್ಯ ಬೆಳೆಸುತ್ತಾರೆ. ಕ್ಯಾಮೆರಾ ಹಿಡಿದ ರೇ ರೆನ್ನಹ್ಯಾನ್, 'ಗಾನ್ ವಿತ್ ದ ವಿಂಡ್' ಚಿತ್ರದ ವರ್ಣ ಛಾಯಾಗ್ರಹಣಕ್ಕೆ ಆಸ್ಕರ್ ಹಂಚಿಕೊಂಡವರು. ಸಂಗೀತ ಜೆರಾಲ್ಡ್ ಫ್ರೀಡ್ ಅವರದು. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಅವರ ಮೊದಲ ಚಿತ್ರಗಳಿಗೆ ಸಂಗೀತ ಕೊಟ್ಟ ಅವರು ಇಲ್ಲಿ ದೊಡ್ಡ ವಾದ್ಯವೃಂದವಿಲ್ಲದೆ, ಬೆರಳೆಣಿಕೆಯ ವಾದ್ಯಗಳಲ್ಲೇ ಊರಿನ ಬಿಗುವನ್ನು ಹಿಡಿದಿದ್ದಾರೆ.

ಹೆಸರು ಹಾಕಿಕೊಳ್ಳಲಾಗದವರು

ಈಗ ಪ್ರಕರಣದ ನಡುಮನೆಗೆ ಬರೋಣ. ಪರದೆಯ ಮೇಲೆ ಚಿತ್ರಕಥೆಗಾರ ಎಂದು ಬರುವ ಹೆಸರು ಬೆನ್ ಎಲ್. ಪೆರ್ರಿ. ಅದು ಬೇನಾಮಿ. ಬರೆದವರು ಟ್ರಂಬೊ.

1947ರ ಅಕ್ಟೋಬರಿನಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯ 'ಅಮೆರಿಕನ್-ವಿರೋಧಿ ಚಟುವಟಿಕೆಗಳ ಸಮಿತಿ' ಹಾಲಿವುಡ್‌ನ ಮಂದಿಯನ್ನು ಕರೆಸಿ, ನೀನು ಕಮ್ಯುನಿಸ್ಟ್ ಪಕ್ಷದ ಸದಸ್ಯನೇ, ಆಗಿದ್ದೆಯಾ ಎಂದು ಕೇಳಿತು. ಉತ್ತರ ಕೊಡಲು ಒಪ್ಪದ 10 ಮಂದಿಯಲ್ಲಿ ಟ್ರಂಬೊ ಒಬ್ಬರು. ಸಂಸತ್ತಿನ ನಿಂದನೆಯ ಅಪರಾಧಕ್ಕೆ 1950ರಲ್ಲಿ ಕೆಂಟಕಿಯ ಆಶ್‌ಲ್ಯಾಂಡ್ ಜೈಲು ಸೇರಿ ತಿಂಗಳುಗಟ್ಟಲೆ ಅಲ್ಲಿದ್ದರು. ಸ್ಟುಡಿಯೊಗಳು ಅವರನ್ನು ಕಪ್ಪುಪಟ್ಟಿಗೆ ಸೇರಿಸಿ ಬಾಗಿಲು ಮುಚ್ಚಿದವು. ಹೊಟ್ಟೆಪಾಡಿಗೆ ಅವರು ಬೇರೆಯವರ ಹೆಸರಿನಲ್ಲಿ, ಕೊಟ್ಟಷ್ಟು ತೆಗೆದುಕೊಂಡು ಬರೆಯುತ್ತ ಹೋದರು. 'ಗನ್ ಕ್ರೇಜಿ'ಗೆ ಮಿಲ್ಲಾರ್ಡ್ ಕಾಫ್‌ಮನ್ ಹೆಸರಿನಲ್ಲಿ ಬರೆದವರೂ ಅವರೇ. 1957ರಲ್ಲಂತೂ 'ರಾಬರ್ಟ್ ರಿಚ್' ಎಂಬ ಇಲ್ಲದ ಮನುಷ್ಯನಿಗೆ 'ದ ಬ್ರೇವ್ ಒನ್' ಕಥೆಗಾಗಿ ಆಸ್ಕರ್ ಬಂತು, ಪಡೆಯಲು ಆ ಹೆಸರಿನವರು ಯಾರೂ ವೇದಿಕೆಗೆ ಬರಲಿಲ್ಲ. ಆ ಗದ್ದಲ ನಡೆದ ಮರುವರ್ಷವೇ ತೆರೆಗೆ ಬಂದದ್ದು ಈ ಟೆಕ್ಸಾಸ್ ಊರಿನ ಕಥೆ.

ಬಂದೂಕುಗಾರ ಕ್ರೇಲ್ ಆಗಿ ನಟಿಸಿದವರು ನೆಡ್ರಿಕ್ ಯಂಗ್. ಇವರೂ ಕಪ್ಪುಪಟ್ಟಿಯವರೇ, 1953ರಲ್ಲಿ ಅದೇ ಸಮಿತಿಯ ಮುಂದೆ ಬಾಯಿಬಿಡಲು ಒಪ್ಪದವರು. ಲೂಯಿಸ್ ಅವರಿಗೆ ಹಳೆಯ ಪರಿಚಯ, 'ಗನ್ ಕ್ರೇಜಿ'ಯಲ್ಲಿ ಸಣ್ಣ ಪಾತ್ರ ಮಾಡಿದ್ದವರು. ಯಂಗ್ ಬರೀ ನಟರಲ್ಲ, ಬರಹಗಾರರೂ ಹೌದು. ಇದೇ 1958ರಲ್ಲಿ ಬಂದ 'ದ ಡಿಫೈಯಂಟ್ ಒನ್ಸ್' ಚಿತ್ರವನ್ನು 'ನೇಥನ್ ಇ. ಡಗ್ಲಸ್' ಎಂಬ ಹೆಸರಿನಲ್ಲಿ ಹೆರಾಲ್ಡ್ ಜೇಕಬ್ ಸ್ಮಿತ್ ಜೊತೆ ಸೇರಿ ಬರೆದರು, ಮರುವರ್ಷ ಅದಕ್ಕೂ ಆಸ್ಕರ್ ಬಂತು.

ಇನ್ನು ನಾಯಕ. ಜಾರ್ಜ್ ಹ್ಯಾನ್ಸನ್ ಪಾತ್ರದಲ್ಲಿ ಸ್ಟರ್ಲಿಂಗ್ ಹೇಡನ್. 1951ರಲ್ಲಿ ಸಮಿತಿಯ ಎದುರು ಕೂತು, ತಾನು ಸ್ವಲ್ಪಕಾಲ ಪಕ್ಷದಲ್ಲಿದ್ದದ್ದು ಹೌದೆಂದು ಒಪ್ಪಿ, ಗೊತ್ತಿದ್ದವರ ಹೆಸರು ಹೇಳಿಕೊಟ್ಟವರು. ಅದರಿಂದ ಕೆಲಸ ಉಳಿಯಿತು, ನೆಮ್ಮದಿ ಉಳಿಯಲಿಲ್ಲ. 1963ರ ಆತ್ಮಕಥೆ 'ವಾಂಡರರ್'ನಲ್ಲಿ ತಾನು ಮಾಡಿದ್ದಕ್ಕೆ ತನ್ನನ್ನು ತಾನೇ ಎಷ್ಟು ಹಳಿದುಕೊಂಡಿದ್ದಾರೆಂದರೆ, ಓದುವಾಗ ಮೈ ಮುದುಡುತ್ತದೆ.

ಒಂದೇ ಚಿತ್ರ. ಬಾಯಿಬಿಡದೆ ಜೈಲಿಗೆ ಹೋದವರು ಬರೆದದ್ದು, ಬಾಯಿಬಿಡದೆ ಕೆಲಸ ಕಳೆದುಕೊಂಡವರು ಕೊಲೆಗಾರನಾದದ್ದು, ಹೆಸರು ಹೇಳಿ ಉಳಿದುಕೊಂಡವರು ನಾಯಕನಾದದ್ದು. ಲೂಯಿಸ್ ಆಗಲೇ ಸಿನಿಮಾ ಬಿಟ್ಟು ಟೀವಿಯತ್ತ ಹೊರಟವರು. ಇದೇ ಅವರ ಕೊನೆಯ ಚಿತ್ರ, ಹಾಗಾಗಿ ಕಪ್ಪುಪಟ್ಟಿಯ ಅಂಜಿಕೆ ಅವರನ್ನು ಕಟ್ಟಿಹಾಕಲಿಲ್ಲ.

ಮಿರಾದಾನ ಗುಡಿಸಲು

ಈ ಹಿನ್ನೆಲೆ ಗೊತ್ತಿಲ್ಲದೆ ನೋಡಿದರೂ ಚಿತ್ರದ ಒಂದು ದೃಶ್ಯ ಮನಸ್ಸಿನಿಂದ ಹೋಗುವುದಿಲ್ಲ. ಸ್ವೆನ್ ಹ್ಯಾನ್ಸನ್ ಕೊಲೆಯಾದಾಗ ಅಡಗಿ ನಿಂತು ಕಣ್ಣಾರೆ ಕಂಡವನು ನೆರೆಯ ಮೆಕ್ಸಿಕನ್ ರೈತ ಹೋಸೆ ಮಿರಾದಾ. ವಿಕ್ಟರ್ ಮಿಲ್ಲನ್ ಮಾಡಿದ ಪಾತ್ರ. ಅವನಿಗೆ ಗರ್ಭಿಣಿ ಹೆಂಡತಿ, ಎಳೆಯ ಮಗ. ಮೊದಲು ಅವನು ಬಾಯಿಬಿಡುವುದಿಲ್ಲ. ಜಾರ್ಜ್ ಬಂದು ಕೇಳಿದಾಗಲೂ ಹಿಂಜರಿಯುತ್ತಾನೆ. ಊರಿನವರೆಲ್ಲ ಕಂಡೂ ಕಾಣದಂತೆ ಇರುವುದನ್ನು ರೂಢಿ ಮಾಡಿಕೊಂಡ ಊರಿನಲ್ಲಿ ಹೊರಗಿನಿಂದ ಬಂದ ಬಡವ ಮಾತ್ರ ಯಾಕೆ ಮಾತಾಡಬೇಕು? ಚಿತ್ರ ಅವನ ಹೆದರಿಕೆಯನ್ನು ಹೇಡಿತನ ಎಂದು ಎಲ್ಲೂ ಹೀಗಳೆಯುವುದಿಲ್ಲ, ಅದಕ್ಕೆ ಸಾಕಷ್ಟು ಹೊತ್ತು ಕೊಡುತ್ತದೆ. ನನಗೆ ಈ ಚಿತ್ರದ ಮೇಲೆ ಗೌರವ ಹುಟ್ಟಿದ್ದು ಇಲ್ಲಿ.

ಕೊನೆಗೆ ಅವನು ಕಂಡದ್ದನ್ನು ಹೇಳುತ್ತಾನೆ. ಕ್ರೇಲ್ ಅವನ ಗುಡಿಸಲಿಗೆ ಬರುತ್ತಾನೆ. ಇಂಥ ಚಿತ್ರಗಳ ವಾಡಿಕೆಯಂತೆ ಮಿರಾದಾ ಅಂಗಲಾಚಬೇಕು, ಇಲ್ಲವೇ ಯಾವುದೋ ಆಯುಧಕ್ಕೆ ಕೈಹಾಕಬೇಕು. ಎರಡೂ ಆಗುವುದಿಲ್ಲ. ನೀನು ಕೊಂದದ್ದನ್ನು ನೋಡಿದ್ದೇನೆ, ಅದನ್ನು ಹೇಳುತ್ತೇನೆ ಎಂದು ಸುಮ್ಮನೆ ಅವನ ಮುಖ ನೋಡಿಕೊಂಡು ನಿಲ್ಲುತ್ತಾನೆ. ಕ್ರೇಲ್ ಗುಂಡು ಹಾರಿಸುತ್ತಾನೆ. ಸತ್ತವನಿಗಿಂತ ಕೊಂದವನ ಮುಖ ನೋಡಬೇಕು ಆಗ. ತನ್ನ ಪಿಸ್ತೂಲಿನ ಎದುರು ಹೆದರದ ಮನುಷ್ಯನನ್ನು ಅವನು ಅದೇ ಮೊದಲು ಕಂಡದ್ದು. ಆಮೇಲೆ ಅವನ ಬಾಯಲ್ಲಿ ಅದೇ ಮಾತು: ಸಾಯಲು ಹೆದರದವನೊಬ್ಬನನ್ನು ಕಂಡೆ ಎಂದು.

ಸೂತ್ರದ ವೆಸ್ಟರ್ನ್‌ಗಳಲ್ಲಿ 'ಮನಸ್ಸಿಲ್ಲದ ಬಂದೂಕುಗಾರ' ಅಂದರೆ ಬಹುತೇಕ ಒಳ್ಳೆಯವನೇ. ಹಿಂದೊಮ್ಮೆ ಗುರಿಕಾರ, ಈಗ ಪಿಸ್ತೂಲು ಪೆಟ್ಟಿಗೆಯಲ್ಲಿಟ್ಟು ಸಂಸಾರ ಮಾಡುತ್ತಿರುತ್ತಾನೆ, ದುಷ್ಟರು ಕೆಣಕಿದಾಗ ಒಲ್ಲದ ಮನಸ್ಸಿನಿಂದ ಮತ್ತೆ ಕೈಗೆತ್ತಿಕೊಳ್ಳುತ್ತಾನೆ. ಪ್ರೇಕ್ಷಕನಿಗೆ ಎರಡು ಕೈಯಲ್ಲೂ ಲಾಡು: ಅಹಿಂಸೆಯ ಪುಣ್ಯವೂ ಬಂತು, ಕೊನೆಯ ಗುಂಡಿನ ಕಾಳಗದ ಖುಷಿಯೂ ಸಿಕ್ಕಿತು. ಟ್ರಂಬೊ ಆ ಒಲ್ಲದ ಮನಸ್ಸನ್ನು ಎತ್ತಿ ಖಳನ ಒಳಗೆ ಇಟ್ಟರು. ಕ್ರೇಲ್‌ನ ಬಲಗೈ ಹೋಗಿ ಅಲ್ಲಿ ಉಕ್ಕಿನ ಕೈ ಬಂದಿದೆ, ಎಡಗೈಯಲ್ಲಿ ಗುಂಡು ಹಾರಿಸುವುದನ್ನು ಕಲಿತು ಕಸುಬು ಉಳಿಸಿಕೊಂಡಿದ್ದಾನೆ. ಕಾಲ ಬದಲಾಗಿದೆ. ಮೆಕ್‌ನೀಲ್‌ಗೆ ಕಾಗದಪತ್ರ, ಕಾನೂನು, ಎಣ್ಣೆಯ ಲೆಕ್ಕ ಗೊತ್ತು, ಇನ್ನು ಸ್ವಲ್ಪ ದಿನಕ್ಕೆ ಬಂದೂಕುಗಾರರು ಬೇಡವಾಗುತ್ತಾರೆ ಎಂಬುದೂ ಗೊತ್ತು. ಜೊತೆಗಿರುವ ಮಾಲಿ ಎಂಬ ಹೆಂಗಸು, ಇದನ್ನೆಲ್ಲ ಬಿಟ್ಟು ಹೋಗೋಣ ಅನ್ನುತ್ತಾಳೆ. ಹೋಗಲು ಅವನಿಗೆ ಬೇರೆ ಜಾಗವಿಲ್ಲ, ಬೇರೆ ಕೆಲಸ ಬರುವುದಿಲ್ಲ. ಯಂಗ್ ಈ ಪಾತ್ರವನ್ನು ದನಿ ಏರಿಸದೆ, ಆಯಾಸಗೊಂಡ ಗುಮಾಸ್ತನ ಹಾಗೆ ಮಾಡಿದ್ದಾರೆ. ಕೊಲ್ಲುವುದು ಅವನಿಗೆ ಸಂಬಳದ ಕೆಲಸ, ಆ ಸಂಬಳಕ್ಕೆ ಆಧಾರ ಎದುರಿನವನ ಭಯ. ಮಿರಾದಾ ಹೆದರದೇ ಹೋದಾಗ ಕೆಲಸದ ಬುಡವೇ ಕುಸಿಯುತ್ತದೆ.

ಈ ದೃಶ್ಯವನ್ನು ಕಪ್ಪುಪಟ್ಟಿಯ ನೇರ ರೂಪಕ ಎಂದು ಓದುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ವಾಷಿಂಗ್ಟನ್ನಿನ ಸಮಿತಿಯ ಮುಂದೆ ಧೈರ್ಯವೆಂದರೆ ಮಾತಾಡದೆ ಇರುವುದು, ಪ್ರೇರಿ ಸಿಟಿಯಲ್ಲಿ ಧೈರ್ಯವೆಂದರೆ ಮಾತಾಡುವುದು. ಒಂದಕ್ಕೊಂದು ಅಚ್ಚುಕಟ್ಟಾಗಿ ಕೂಡುವುದಿಲ್ಲ. ಎರಡರಲ್ಲೂ ಒಂದೇ ಆಗಿರುವುದು ಬಾಗಿಲಲ್ಲಿ ನಿಂತ ಅಧಿಕಾರದ ಲೆಕ್ಕಾಚಾರ: ಇವನಿಗೆ ಹೆಂಡತಿ ಮಕ್ಕಳಿದ್ದಾರೆ, ಹೆದರುತ್ತಾನೆ ಎಂಬ ಖಾತ್ರಿ. ಆ ಖಾತ್ರಿಯನ್ನು ಟ್ರಂಬೊ ಒಳಗಿನಿಂದ ಬಲ್ಲರು. ಜೈಲಿಗೆ ಹೋಗುವಾಗ ಅವರ ಮನೆಯಲ್ಲೂ ಮೂವರು ಮಕ್ಕಳಿದ್ದರು.

ಹತ್ತಿರ ಬಾ

ಚಿತ್ರ ಶುರುವಾಗುವುದೇ ಕೊನೆಯ ಕಾಳಗದಿಂದ. ಕ್ಯಾಮೆರಾ ಬಂದೂಕುಗಾರನ ಹಿಂದೆ ತಗ್ಗಿನಲ್ಲಿದೆ. ನಮಗೆ ಕಾಣುವುದು ಅವನ ಸೊಂಟದ ಪಿಸ್ತೂಲು, ಅದರಾಚೆ ಖಾಲಿ ಬೀದಿಯಲ್ಲಿ ನಡೆದು ಬರುತ್ತಿರುವ ಎತ್ತರದ ಆಳು. ಅವನ ಕೈಯಲ್ಲಿ ಪಿಸ್ತೂಲಿಲ್ಲ, ತಿಮಿಂಗಿಲ ಬೇಟೆಯ ಹಾರ್ಪೂನ್ ಇದೆ. ಹಿಂದೆ ಊರಿನವರು ಗುಂಪಾಗಿ ಬರುತ್ತಿದ್ದಾರೆ. ಇನ್ನೂ ಹತ್ತಿರ ಬಾ ಎಂದು ಬಂದೂಕುಗಾರನ ದನಿ ಕೆಣಕುತ್ತದೆ. ಅಲ್ಲಿಗೆ ನಿಲ್ಲಿಸಿ, ಕಥೆ ಹಿಂದಕ್ಕೆ ಹೋಗುತ್ತದೆ.

ಮೊದಲ ಸಲ ನೋಡುವಾಗ ಇದು ಬರೀ ವಿಚಿತ್ರ. ಟೆಕ್ಸಾಸ್‌ನ ಧೂಳಿನಲ್ಲಿ ಹಾರ್ಪೂನ್! ಅದು ಕೊಲ್ಲುವ ಆಯುಧವೂ ಅಲ್ಲ. ದೋಣಿಯಿಂದ ಎಸೆದು ತಿಮಿಂಗಿಲದ ಮೈಗೆ ಮುಳ್ಳುತುದಿ ನೆಟ್ಟು, ಹಗ್ಗದಿಂದ ಅದನ್ನು ದೋಣಿಗೆ ಕಟ್ಟಿಹಾಕುವುದು ಹಾರ್ಪೂನ್‌ನ ಕೆಲಸ, ಕೊಲ್ಲಲು ಬೇರೆಯದೇ ಉದ್ದ ಭರ್ಜಿ ಬಳಸುತ್ತಿದ್ದರು. ಎಸೆತ ದಾಟುವ ದೂರವೂ ಕೆಲವೇ ಮಾರು. ಪಿಸ್ತೂಲು ಹಿಡಿದವನು ಮನಸ್ಸು ಮಾಡಿದರೆ ಹಾರ್ಪೂನಿನ ಅಳತೆಗೆ ಬರುವ ಮೊದಲೇ ಹೊಡೆದುರುಳಿಸಬಹುದು. ಹೀಗಾಗಿ ಇಡೀ ಕಾಳಗಕ್ಕೆ ತರ್ಕವಿಲ್ಲ ಎಂದು ತಳ್ಳಿಹಾಕುವುದು ಸುಲಭ.

ಆದರೆ ಕೊನೆಯಲ್ಲಿ ಅದೇ ದೃಶ್ಯ ಮತ್ತೆ ಬಂದಾಗ ನಮಗೆ ಕ್ರೇಲ್ ಯಾರೆಂದು ಗೊತ್ತಿರುತ್ತದೆ. ಮಿರಾದಾನನ್ನು ಕೊಂದು ಬಂದವನು. ತನಗೆ ಸಂಬಳ ಕೊಡುತ್ತಿದ್ದ ಮೆಕ್‌ನೀಲ್‌ನನ್ನೂ ಕೊಂದವನು. ಅಂದರೆ ಈ ಕಾಳಗಕ್ಕೆ ಈಗ ದುಡ್ಡು ಕೊಡುವವರಿಲ್ಲ, ಗೆದ್ದರೆ ಸಿಗುವುದೇನೂ ಇಲ್ಲ. ದೂರದಿಂದ ಹೊಡೆಯದೆ ಅವನು ಹತ್ತಿರ ಬಾ, ಇನ್ನೂ ಹತ್ತಿರ ಬಾ ಎಂದು ಕರೆಯುವುದು ಪಂಥಕ್ಕಲ್ಲ ಎಂದು ನನಗೆ ಅನ್ನಿಸುತ್ತದೆ. ಅವನಿಗೆ ಹ್ಯಾನ್ಸನ್‌ನ ಮುಖದಲ್ಲಿ ಭಯ ಕಾಣಬೇಕು. ಒಬ್ಬನ ಮುಖದಲ್ಲಾದರೂ ಅದು ಕಂಡರೆ ಮಿರಾದಾ ಒಂದು ಅಪವಾದ ಎಂದುಕೊಳ್ಳಬಹುದು, ಹಳೆಯ ನಂಬಿಕೆ ಉಳಿಯುತ್ತದೆ. ಹ್ಯಾನ್ಸನ್ ಒಂದೊಂದು ಹೆಜ್ಜೆ ಮುಂದಿಟ್ಟಷ್ಟೂ ಅದು ಕಾಣುವುದಿಲ್ಲ. ಹಾರ್ಪೂನ್ ಹಾರುವ ಮೊದಲೇ ಕ್ರೇಲ್ ಸೋತಿರುತ್ತಾನೆ.

ಹ್ಯಾನ್ಸನ್‌ಗೂ ಜಗಳದ ಹುಮ್ಮಸ್ಸಿಲ್ಲ. ಅವನು ಮೊದಲು ಕೇಳುವುದು ಕಾನೂನನ್ನೇ, ಶೆರಿಫ್‌ನ ಬಳಿ ಹೋಗಿ ಅಪ್ಪನ ಜಮೀನಿನ ಹಕ್ಕು ಕೇಳುತ್ತಾನೆ. ಅವನನ್ನು ಬಡಿದು ರೈಲಿಗೆ ಹಾಕಿ ಊರು ಬಿಡಿಸುತ್ತಾರೆ. ಹಳಿಯ ಗುಂಟ ಕಾಲೆಳೆಯುತ್ತ ವಾಪಸು ಬರುತ್ತಾನೆ. 1952ರ 'ಹೈ ನೂನ್' ನೋಡಿದವರಿಗೆ ಇಲ್ಲಿ ಒಂದು ವ್ಯತ್ಯಾಸ ಹೊಳೆಯುತ್ತದೆ. ಅದನ್ನು ಬರೆದ ಕಾರ್ಲ್ ಫೋರ್‌ಮನ್ ಕೂಡ ಕಪ್ಪುಪಟ್ಟಿಗೆ ಸಿಕ್ಕು ಇಂಗ್ಲೆಂಡಿಗೆ ಹೋದವರು. ಆ ಚಿತ್ರದಲ್ಲಿ ಊರು ಬಾಗಿಲು ಹಾಕಿಕೊಳ್ಳುತ್ತದೆ, ಕಾನೂನು ಕಾಯುವ ಮಾರ್ಷಲ್ ಒಂಟಿ. ಆರು ವರ್ಷದ ನಂತರದ ಈ ಅಗ್ಗದ ಚಿತ್ರದಲ್ಲಿ ಊರು, ತಡವಾಗಿಯಾದರೂ, ಹಿಂದೆ ನಡೆದು ಬರುತ್ತದೆ.

ಸೋತ ಜಾಗಗಳು

ಚಿತ್ರದ ಬಡತನವನ್ನು ಮುಚ್ಚಿಡಬೇಕಿಲ್ಲ. ಹೇಡನ್ ಅವರ ಸ್ವೀಡಿಷ್ ರಾಗದ ಇಂಗ್ಲಿಷ್ ಒಂದು ದೃಶ್ಯದಲ್ಲಿ ಇದ್ದರೆ ಇನ್ನೊಂದರಲ್ಲಿ ಮಾಯ. ಕಡಲಿನ ವಿಷಯದಲ್ಲಿ ಮಾತ್ರ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಹದಿಹರೆಯದಲ್ಲೇ ಓದು ಬಿಟ್ಟು ಹಡಗು ಹತ್ತಿ 22ನೆಯ ವಯಸ್ಸಿಗೆ ಹಾಯಿಹಡಗಿನ ಕ್ಯಾಪ್ಟನ್ ಆದವರು. ಹಾರ್ಪೂನ್ ಹೆಗಲಿಗೇರಿಸಿ ನಡೆಯುವ ರೀತಿಯಲ್ಲಿ ಅದು ಕಾಣುತ್ತದೆ, ಮಾತಿನಲ್ಲಿ ಕಾಣುವುದಿಲ್ಲ. ಮಾಲಿಯ ಪಾತ್ರಕ್ಕೆ ಬಿಟ್ಟು ಹೋಗೋಣ ಅನ್ನುವುದರ ಆಚೆ ಏನೂ ಕೊಟ್ಟಿಲ್ಲ, ಮಿರಾದಾನ ಹೆಂಡತಿಗಂತೂ ನೋವು ಬಿಟ್ಟರೆ ಪಾಲೇ ಇಲ್ಲ. ಗಂಡನ ಸಾವಿನ ನಂತರ ಅವಳ ಬಾಳು ಏನಾಯಿತೆಂದು ಚಿತ್ರ ತಿರುಗಿಯೂ ನೋಡುವುದಿಲ್ಲ, ಇದು ದುಡ್ಡಿನ ಕೊರತೆಯಿಂದ ಆದ ಲೋಪವಲ್ಲ. ರೈತರು ಸೇರಿ ಮಾತಾಡುವ ದೃಶ್ಯಗಳು ಭಾಷಣದ ಧಾಟಿಗೆ ಜಾರುತ್ತವೆ. ಸೆಬಾಸ್ಟಿಯನ್ ಕ್ಯಾಬಟ್ ಅವರ ಮೆಕ್‌ನೀಲ್ ನಯವಾಗಿದ್ದಾನೆ, ಆದರೂ ತನ್ನ ಉದ್ದೇಶಗಳನ್ನು ತಾನೇ ಬಿಡಿಸಿ ಹೇಳುತ್ತಾನೆ.

ಆಮೇಲಿನದು ಬೇಗ ಹೇಳಬಹುದು. ಲೂಯಿಸ್ ಟೀವಿಗೆ ಹೋಗಿ 1958ರಲ್ಲೇ ಶುರುವಾದ 'ದ ರೈಫಲ್‌ಮನ್' ಧಾರಾವಾಹಿಯ ಹತ್ತಾರು ಕಂತುಗಳನ್ನು ನಿರ್ದೇಶಿಸಿದರು. ಹೇಡನ್ 1959ರ ಆರಂಭದಲ್ಲಿ, ಕೋರ್ಟಿನ ತಡೆಯನ್ನೂ ಲೆಕ್ಕಿಸದೆ, ನಾಲ್ವರು ಮಕ್ಕಳನ್ನು ಕರೆದುಕೊಂಡು ತನ್ನ ಹಾಯಿಹಡಗಿನಲ್ಲಿ ತಾಹಿತಿಗೆ ಹೊರಟುಬಿಟ್ಟರು. ಟ್ರಂಬೊ ಅವರ ಸ್ವಂತ ಹೆಸರು 1960ರಲ್ಲಿ 'ಎಕ್ಸೋಡಸ್' ಮತ್ತು 'ಸ್ಪಾರ್ಟಕಸ್' ಚಿತ್ರಗಳ ಜೊತೆ ಪರದೆಗೆ ಮರಳಿತು. ಯಂಗ್ 1968ರಲ್ಲಿ ತೀರಿಕೊಂಡರು. ನಟನಾಗಿ ಅವರ ಕೈಗೆ ಬಂದವು ಹೆಚ್ಚಾಗಿ ಸಣ್ಣ ಪಾತ್ರಗಳು. ಇಡೀ ಚಿತ್ರ ನೋಡಲು ಪುರುಸೊತ್ತಿಲ್ಲದವರು ಮಿರಾದಾನ ಗುಡಿಸಲಿನ ದೃಶ್ಯವನ್ನಾದರೂ ನೋಡಬೇಕು, ಗುಂಡು ಹಾರಿದ ಮೇಲೆ ಕಣ್ಣು ಯಂಗ್ ಅವರ ಮುಖದ ಮೇಲಿರಲಿ.